ದಿವಾಕರರು ಯಾವ ರಾಜ್ಯದ ರಾಜ್ಯಪಾಲರು?

ಮಾನ್ಯ ಸಂಪಾದಕರೇ,

ಧಾರವಾಡದಲ್ಲಿ ಸಿಗುವ ಸ್ಪರ್ಧಾತ್ಮಕ ಪರೀಕ್ಷೆಯ ಕೆಲವು ನೋಟ್ಸ್‌ಗಳಲ್ಲಿ ರಂಗನಾಥ ದಿವಾಕರರನ್ನು ‘ಪತ್ರಕರ್ತ, ರಾಜ್ಯಪಾಲ’ ಎಂದಷ್ಟೇ ಬರೆದು ಮುಗಿಸಿರುತ್ತಾರೆ. ಹುಡುಗರು ಕರ್ನಾಟಕವೆಂದು ಗುರುತು ಹಾಕಿ ಅಂಕ ಕಳೆದುಕೊಳ್ಳುತ್ತಾರೆ. ಅವರು 1952ರಿಂದ 1957ರವರೆಗೆ ಬಿಹಾರದ ರಾಜ್ಯಪಾಲರು. ಏಕೀಕರಣಕ್ಕಾಗಿ ದುಡಿದವರು 1956ರ ನವೆಂಬರ್ 1ರಂದು ಆ ಹುದ್ದೆಯಲ್ಲೇ ಇದ್ದರು, ವಿಪರ್ಯಾಸ ನೋಡಿ. ಅದಕ್ಕೂ ಮೊದಲು ಸಂವಿಧಾನ ರಚನಾ ಸಭೆಯ ಸದಸ್ಯತ್ವ, ನೆಹರೂ ಸರ್ಕಾರದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆ.

ಪತ್ರಿಕೆಗಳಲ್ಲೂ ಗೊಂದಲ. 1921ರಲ್ಲಿ ಧಾರವಾಡದಲ್ಲಿ ಅವರು ಆರಂಭಿಸಿದ್ದು ‘ಕರ್ಮವೀರ’. ‘ಸಂಯುಕ್ತ ಕರ್ನಾಟಕ’ ಹುಟ್ಟಿದ್ದು ಬೆಳಗಾವಿಯಲ್ಲಿ, ಹುಬ್ಬಳ್ಳಿಗೆ ಬಂದದ್ದು ಆಮೇಲೆ. ಎರಡನ್ನೂ ಲೋಕಶಿಕ್ಷಣ ಟ್ರಸ್ಟ್ ನಡೆಸಿದ್ದರಿಂದ ಒಂದರ ಇಸವಿ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಮರುಮುದ್ರಣದಲ್ಲಿ ಹುದ್ದೆಯ ಮುಂದೆ ರಾಜ್ಯ, ಪತ್ರಿಕೆಯ ಮುಂದೆ ಊರು, ಇಸವಿ ಸೇರಿಸಲಿ. ಹೆಚ್ಚೆಂದರೆ ಎರಡು ಸಾಲು ಬೆಳೆದೀತು.

— ಇತಿಹಾಸ ಶಿಕ್ಷಕರು, ಧಾರವಾಡ