ಕ್ಯಾಶ್‌ಲೆಸ್ ಪಾಲಿಸಿ ಇದ್ದೂ ಕೈಯಿಂದ ಹಣ ಕಟ್ಟಿಸಿಕೊಂಡ ಬಗ್ಗೆ ದೂರು

ಗೆ,
ಕುಂದುಕೊರತೆ ಅಧಿಕಾರಿಗಳು,
ಆರೋಗ್ಯ ವಿಮೆ ಕ್ಲೇಮ್ ವಿಭಾಗ

ಮಾನ್ಯರೇ,

ನಿಮ್ಮ ಕಾಲ್ ಸೆಂಟರ್‌ಗೆ ಫೋನ್ ಮಾಡಿ ಮಾಡಿ ಸಾಕಾಗಿದೆ. ಆದರೂ ತಾಳ್ಮೆಯಿಂದಲೇ ಇದ್ದೆ. ನಿನ್ನೆ ನಿಮ್ಮ ಮೇಲ್ ಬಂತು. "ಗ್ರಾಹಕರೇ ಕ್ಯಾಶ್‌ಲೆಸ್ ಬಿಟ್ಟು ನಗದು ಕಟ್ಟಿದ್ದಾರೆ" ಅಂತ ಬರೆದು ಕ್ಲೇಮ್‌ನಲ್ಲಿ ಹಣ ಕತ್ತರಿಸಿದ್ದೀರಿ. ಇದು ಸುಳ್ಳು.

ಅಮ್ಮನ ಪಿತ್ತಕೋಶದ ಆಪರೇಷನ್‌ಗೆ ಮೊದಲು ಕ್ಯಾಶ್‌ಲೆಸ್ ಅಪ್ರೂವಲ್, ಅಂದರೆ ಬಿಲ್ಲನ್ನು ನೇರವಾಗಿ ಆಸ್ಪತ್ರೆಗೆ ಕಟ್ಟುತ್ತೇವೆ ಅನ್ನೋ ಒಪ್ಪಿಗೆ, ಕೊಟ್ಟವರು ನೀವೇ. ಡಿಸ್ಚಾರ್ಜ್ ದಿನ ಡಾಕ್ಟರು ಬೆಳಿಗ್ಗೆ ರೌಂಡ್ಸಿಗೆ ಬಂದಾಗಲೇ ಮನೆಗೆ ಹೋಗಬಹುದು ಅಂದರು. ಮಧ್ಯಾಹ್ನದೊಳಗೆ ಫೈನಲ್ ಬಿಲ್ ನಿಮಗೆ ತಲುಪಿತು. ಕತ್ತಲಾದರೂ ನಿಮ್ಮ ಉತ್ತರವಿಲ್ಲ. ಅಮ್ಮನ ಕೈಯಲ್ಲಿ ಡ್ರಿಪ್ ಸೂಜಿ ಹಾಗೇ ಇತ್ತು. ಪ್ಲಾಸ್ಟರ್ ಅಂಚು ಎದ್ದು, ಸುತ್ತ ಚರ್ಮ ಕೆಂಪಾಗಿತ್ತು. "ಬಿಲ್ಲಿಂಗ್‌ನಿಂದ ಕ್ಲಿಯರೆನ್ಸ್ ಬರಲಿ, ತೆಗೀತೀವಿ" ಅಂದರು ಸಿಸ್ಟರ್.

ಕೌಂಟರ್ ಮುಂದೆ ನಿಂತೇ ನಿಮಗೆ ಫೋನ್ ಮಾಡಿದೆ. ಪಾಲಿಸಿ ನಂಬರ್, ಅಮ್ಮನ ಹುಟ್ಟಿದ ತಾರೀಖು, ಕಾಯಿಲೆ, ಎಲ್ಲ ಹೇಳಿಸಿಕೊಂಡಿರಿ. "ಕೇಳಿಸ್ತಿಲ್ಲ, ಜೋರಾಗಿ ಹೇಳಿ" ಅಂದಿರಿ. ಲೈನ್ ಕಟ್ಟಾಯಿತು. ಮತ್ತೆ ಮೊದಲಿಂದ ಎಲ್ಲ ಹೇಳಿದೆ. ಸಾಲಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಕೊನೆಗೆ ನಿಮ್ಮ ಹುಡುಗ ಹೇಳಿದ್ದು: "ಅರ್ಜೆಂಟ್ ಇದ್ರೆ ನೀವೇ ಕಟ್ಬಿಡಿ ಸರ್, ರಿಇಂಬರ್ಸ್‌ಮೆಂಟ್ ಹಾಕ್ಕೊಳ್ಳಿ."

"ಅಷ್ಟು ದುಡ್ಡಿದ್ದಿದ್ರೆ ಪಾಲಿಸಿ ಯಾಕೆ ಮಾಡಿಸ್ತಿದ್ದೆ?" ಅಂದೆ.

"ಅದು ನಿಮ್ಮಿಷ್ಟ ಸರ್."

ಅಷ್ಟರಲ್ಲಿ ಕೌಂಟರಿನವರು "ಸ್ವಲ್ಪ ಪಕ್ಕಕ್ಕೆ ಬನ್ನಿ, ಹಿಂದಿನೋರಿಗೆ ಜಾಗ ಬಿಡಿ" ಅಂದರು. ಪಕ್ಕಕ್ಕೆ ನಿಂತು ಭಾವನ ಹತ್ತಿರ ಸಾಲ ಕೇಳಿದೆ. ಅವರು ಎಟಿಎಂನಿಂದ ತಂದ ನೋಟುಗಳನ್ನು ಎಣಿಸಿಕೊಟ್ಟ ಮೇಲೇ ಅಮ್ಮನ ಕೈಯ ಸೂಜಿ ತೆಗೆದರು. ನಿಮ್ಮ ಕಾಲ್‌ಗಳು ರೆಕಾರ್ಡ್ ಆಗುತ್ತವಲ್ಲ, ತೆಗೆದು ಕೇಳಿ.

ನಿಯಮ ನಿಮಗೆ ಗೊತ್ತಿರಲೇಬೇಕು, ಅಲ್ವಾ? ವಿಮಾ ಕಂಪನಿಗಳನ್ನು ನಿಯಂತ್ರಿಸುವ ಪ್ರಾಧಿಕಾರ ಐಆರ್‌ಡಿಎಐ 2024ರ ಮೇ 29ರಂದು ಹೊರಡಿಸಿದ ಸುತ್ತೋಲೆ ಪ್ರಕಾರ, ಡಿಸ್ಚಾರ್ಜ್ ಕೋರಿಕೆ ಬಂದ 3 ಗಂಟೆಯೊಳಗೆ ನೀವು ಒಪ್ಪಿಗೆ ಕೊಡಬೇಕು. ಅದಕ್ಕಿಂತ ತಡವಾಗಿ ಆಸ್ಪತ್ರೆ ಜಾಸ್ತಿ ಹಣ ಹಾಕಿದರೆ ನಿಮ್ಮ ಷೇರುದಾರರ ನಿಧಿಯಿಂದ ಭರಿಸಬೇಕು. ತಡವಾಗಿದ್ದಕ್ಕೆ ನನ್ನ ಬಿಲ್ಲಿಗೆ ಇನ್ನೊಂದು ದಿನದ ರೂಮ್ ಬಾಡಿಗೆ ಬಿತ್ತು. ನೀವು ಕತ್ತರಿಸಿರುವುದರಲ್ಲಿ ಅದೂ ಇದೆ!

ದಾಖಲೆಗಳನ್ನು ಆಸ್ಪತ್ರೆಯಿಂದ ತರಿಸಿಕೊಳ್ಳುವುದು ನಿಮ್ಮ ಕೆಲಸ ಅಂತಲೂ ಅದೇ ಸುತ್ತೋಲೆ ಹೇಳುತ್ತದೆ. ನೀವು ನನ್ನನ್ನು ಅಲೆದಾಡಿಸಿದಿರಿ. ರಸೀದಿ ಕೊಟ್ಟರೆ ಸೀಲ್ ಎಲ್ಲಿ, ಸೀಲ್ ಹಾಕಿಸಿದರೆ ಒರಿಜಿನಲ್ ಎಲ್ಲಿ. ಆಮೇಲೆ ನಗದು ಕಟ್ಟಿದ್ದಕ್ಕೆ ನನ್ನ ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕು ಅಂದಿರಿ. ಭಾವ ಕೊಟ್ಟ ಸಾಲ ನನ್ನ ಖಾತೆಯಲ್ಲಿ ಹೇಗೆ ಕಾಣಬೇಕು?

ಕತ್ತರಿಸಿದ ಹಣ ಪೂರ್ತಿ ಕೊಡಿ. ಇಲ್ಲವಾದರೆ ಪಾಲಿಸಿಯ ಯಾವ ಷರತ್ತಿನ ಪ್ರಕಾರ ಕತ್ತರಿಸಿದಿರಿ ಅಂತ ಬರೆದು ತಿಳಿಸಿ. ಹಣ ಕಟ್ಟಿದ್ದು ನನ್ನಿಷ್ಟ ಅನ್ನೋ ಮಾತನ್ನು ಕಡತದಿಂದ ತೆಗೆಯಿರಿ.

30 ದಿನದಲ್ಲಿ ಇದು ಆಗದಿದ್ದರೆ ಗ್ರಾಹಕರ ವಿಮಾ ದೂರು ಕೇಳಿ ತೀರ್ಪು ಕೊಡುವ ವಿಮಾ ಒಂಬುಡ್ಸ್‌ಮನ್ ಹತ್ತಿರ ಹೋಗುತ್ತೇನೆ. ಅಲ್ಲಿ ಫೀಸೂ ಇಲ್ಲ, ವಕೀಲರೂ ಬೇಡ. ಅವರ ತೀರ್ಪನ್ನು 30 ದಿನದಲ್ಲಿ ಪಾಲಿಸದಿದ್ದರೆ ದಿನಕ್ಕೆ 5,000 ರೂಪಾಯಿ ನನಗೆ ಕೊಡಬೇಕಾಗುತ್ತದೆ. ಹಣ ಬಂದರೂ ರಿನ್ಯೂವಲ್‌ಗೆ ಮೊದಲೇ ಪಾಲಿಸಿ ಬೇರೆ ಕಂಪನಿಗೆ ಪೋರ್ಟ್ ಮಾಡುತ್ತೇನೆ. ನಮ್ಮ ನೆಂಟರಲ್ಲಿ ನಿಮ್ಮ ಪಾಲಿಸಿ ಇರುವವರಿಗೆಲ್ಲ ಈ ಪತ್ರದ ನಕಲು ಇವತ್ತೇ ಕಳಿಸುತ್ತಿದ್ದೇನೆ.

ಇಂತಿ,
ನಿಮ್ಮ ಪಾಲಿಸಿದಾರ