ಗೆಳೆಯನಿಗೊಂದು ಪತ್ರ: ಆರನೆಯ ಭಾಗವನ್ನು ರಾತ್ರಿ ಕೇಳು

ಪ್ರೀತಿಯ ಗೆಳೆಯಾ,

ಬುಕ್ಸ್‌ಟೆಹೂಡೆ ಅಂದ್ರೆ ಯಾರೋ ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ. ಅವಸರದಲ್ಲಿ ಹೇಳಿ ಮುಗಿಸುವ ವಿಷಯವಲ್ಲ ಅದು, ಹಾಗಾಗಿ ಬರೆಯುತ್ತಿದ್ದೇನೆ.

ಉತ್ತರ ಜರ್ಮನಿಯ ಲೂಬೆಕ್ ಊರಿನ ಮರಿಯಾ ಚರ್ಚಿಗೆ ಅವನು ಆರ್ಗನ್, ಅಂದರೆ ಗಾಳಿಯಿಂದ ನುಡಿಯುವ ದೊಡ್ಡ ಕೊಳವೆವಾದ್ಯ, ನುಡಿಸಲು ಸೇರಿದ್ದು 1668ರಲ್ಲಿ. 1707ರಲ್ಲಿ ಸಾಯುವ ತನಕ ಅಲ್ಲೇ ಇದ್ದ. ಚರ್ಚಿನ ಲೆಕ್ಕಪತ್ರವೂ ಅವನದೇ ಜವಾಬ್ದಾರಿ. ಹಗಲು ಖರ್ಚುವೆಚ್ಚ ಬರೆದ ಕೈಯೇ ಸಂಗೀತವನ್ನೂ ಬರೆಯಿತು. ನೀನು ಒಂದು ಕೈಯಲ್ಲಿ ಹಾರ್ಮೋನಿಯಂ ತಿದಿ ಒತ್ತುತ್ತೀಯ. ಅವನ ಕಾಲದ ಆರ್ಗನ್‌ಗೆ ತಿದಿ ತುಳಿಯಲು ಬೇರೆ ಆಳುಗಳೇ ಬೇಕಿತ್ತು. ವಾದಕ ಎರಡು ಕೈ, ಎರಡು ಕಾಲು ಸೇರಿಸಿ ನುಡಿಸುತ್ತಾನೆ.

ಮುಂದೆ ಮಹಾನ್ ಸಂಗೀತ ರಚನಕಾರನಾದ ಬಾಖ್, ಆಗ ಇಪ್ಪತ್ತರ ಹುಡುಗ, 1705ರಲ್ಲಿ ಅವನ ಸಂಗೀತ ಕೇಳಲು ನಾನೂರು ಕಿಲೋಮೀಟರಿಗೂ ಜಾಸ್ತಿ ನಡೆದು ಬಂದ. ನಾಲ್ಕು ವಾರ ರಜೆ ಕೇಳಿದವನು ಊರಿಗೆ ಮರಳಿದ್ದು ಸುಮಾರು ನಾಲ್ಕು ತಿಂಗಳ ಮೇಲೆ. ಈ ಕಥೆ ಎಲ್ಲರೂ ಹೇಳುತ್ತಾರೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ.

ಹೋದ ವರ್ಷ ಆ ಚರ್ಚಿನೊಳಗೆ ನಿಂತಿದ್ದೆ ಕಣೋ. 1942ರ ಮಾರ್ಚ್‌ನಲ್ಲಿ ಬಾಂಬು ಬಿದ್ದು ಚರ್ಚು ಸುಟ್ಟಿತು. ಬುಕ್ಸ್‌ಟೆಹೂಡೆ ನುಡಿಸಿದ ಆರ್ಗನ್‌ಗಳೂ ಹೋದವು. ಗೋಪುರದಿಂದ ಬಿದ್ದ ಗಂಟೆಗಳನ್ನು ಬಿದ್ದ ಜಾಗದಲ್ಲೇ ಬಿಟ್ಟಿದ್ದಾರೆ. ನೆಲದ ಕಲ್ಲು ಒಡೆದಿದೆ, ಗಂಟೆಯ ಕಂಚು ಹೋಳಾಗಿ ಅದರೊಳಗೆ ಹೂತಿದೆ. ತುಂಬಾ ಹೊತ್ತು ನೋಡುತ್ತಾ ನಿಂತೆ. ಮಾತು ಬರಲಿಲ್ಲ.

ಆದರೂ ಅವನ ಹಾಡುಗಳು ಉಳಿದವು. ಹೇಗೆ ಗೊತ್ತಾ? ಗುಸ್ಟಾಫ್ ಡ್ಯೂಬೆನ್ ಅಂತ ಸ್ಟಾಕ್‌ಹೋಮ್‌ನ ಅರಮನೆಯ ಸಂಗೀತಗಾರ ಅವನ ಗೆಳೆಯ. ಬುಕ್ಸ್‌ಟೆಹೂಡೆಯ ರಚನೆಗಳನ್ನು ತರಿಸಿ, ನಕಲು ಮಾಡಿಸಿ, ಜೋಪಾನವಾಗಿ ಇಟ್ಟ. ಡ್ಯೂಬೆನ್‌ನ ಮಗ 1732ರಲ್ಲಿ ಆ ಕಟ್ಟುಗಳನ್ನೆಲ್ಲ ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಕೊಟ್ಟ. ಬುಕ್ಸ್‌ಟೆಹೂಡೆಯ ಹಾಡುಗಾರಿಕೆಯ ರಚನೆಗಳಲ್ಲಿ ಹೆಚ್ಚಿನವು ನಮಗೆ ಸಿಕ್ಕಿದ್ದು ಅಲ್ಲಿಂದಲೇ.

1680ರಲ್ಲಿ ಬರೆದ 'ಮೆಂಬ್ರಾ ಯೇಸು ನೋಸ್ಟ್ರಿ' (ನಮ್ಮ ಯೇಸುವಿನ ಅಂಗಗಳು) ಎಂಬ ಹಾಡುಗಳ ಮಾಲೆಯನ್ನು ಆ ಗೆಳೆಯನಿಗೇ ಅರ್ಪಿಸಿದ್ದಾನೆ. ಬುಕ್ಸ್‌ಟೆಹೂಡೆಯದೇ ಕೈಬರಹದ ಪ್ರತಿ ಇವತ್ತಿಗೂ ಇದೆ. ನಾವು ಸರಿಗಮ ಬರೆಯುವ ಹಾಗೆ ಅದರಲ್ಲೂ ಸ್ವರಗಳಿಗೆ ಅಕ್ಷರಗಳೇ! ಶಿಲುಬೆಯ ಮೇಲಿನ ಯೇಸುವಿನ ಪಾದ, ಮಂಡಿ, ಕೈ, ಪಕ್ಕೆ, ಎದೆ, ಹೃದಯ, ಮುಖ, ಹೀಗೆ ಏಳು ಭಾಗ. ಹೃದಯದ ಭಾಗ ಬಂದಾಗ ವಯಲಿನ್‌ಗಳು ನಿಲ್ಲುತ್ತವೆ. ಕಾಲುಗಳ ನಡುವೆ ಹಿಡಿದು ಕಮಾನಿನಿಂದ ನುಡಿಸುವ ತಂತಿವಾದ್ಯಗಳಾದ ಐದು ಗಾಂಬಾಗಳು ತಗ್ಗಿನ ದನಿಯಲ್ಲಿ ಶುರುವಾಗುತ್ತವೆ. ಆ ದನಿ ಕೇಳಿದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಮನೆಯವರೆಲ್ಲ ಮಲಗಿದ ಮೇಲೆ ಆ ಆರನೆಯ ಭಾಗವನ್ನು ಕೇಳು. ಕೇಳಿದ ತಕ್ಷಣ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ.

ನಿನ್ನ ಗೆಳೆಯ