ಅಳತೆ ಬಟ್ಟಲಿನ ಜೊತೆಗೊಂದು ಪತ್ರ

ಚಿ. ಸೌ. ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನೀನು ಕೇಳಿದ ಅಳತೆ ಬಟ್ಟಲನ್ನು ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿ ಈ ಪತ್ರದ ಜೊತೆಗೇ ಕಳುಹಿಸುತ್ತಿದ್ದೇನೆ. ಒಂದು ಬದಿ 30 ಮಿಲಿಲೀಟರ್ ಹಿಡಿಯುತ್ತದೆ, ಮಗುಚಿದರೆ 15. ಶುಕ್ರವಾರದ ಕಾಕ್‌ಟೇಲ್ ಸಂಜೆ ಶುರುವಾಗಿ ಎರಡು ತಿಂಗಳಾಯಿತು, ಅಳಿಯಂದಿರು ಶೇಕರ್ ಹಿಡಿಯುವುದನ್ನು ಚೆನ್ನಾಗಿ ಕಲಿತಿದ್ದಾರೆ, ನಿನ್ನ ಮೈದುನ ಮತ್ತು ಅವನ ಹೆಂಡತಿ ಒಂದು ವಾರವೂ ತಪ್ಪಿಸುವುದಿಲ್ಲ, ಅತ್ತೆಯವರೂ ಬಂದು ಕೂರುತ್ತಾರೆ ಎಂದು ಬರೆದಿದ್ದೀಯೆ. ಓದಿ ಸಂತೋಷವಾಯಿತು. ಮನೆಮಂದಿ ವಾರಕ್ಕೊಮ್ಮೆ ಮೊಬೈಲ್ ಬದಿಗಿಟ್ಟು ಎರಡು ಮೂರು ಗಂಟೆ ಎದುರುಬದುರು ಕೂರುವುದು ಸಣ್ಣ ಮಾತಲ್ಲ. ಆ ಸಂಜೆ ನಿಮ್ಮ ಮನೆಯಲ್ಲಿ ಉಳಿಯಬೇಕು ಎಂಬ ಆಸೆಯಿಂದಲೇ ಇಷ್ಟುದ್ದ ಬರೆಯುತ್ತಿದ್ದೇನೆ. ನಮ್ಮಲ್ಲಿ ಅದು ಹನ್ನೊಂದು ವರ್ಷ ನಡೆದು ನಿಂತುಹೋಯಿತು. ಏಕೆ ನಿಂತಿತೆಂದು ನಿನಗೆ ಯಾರೂ ಸರಿಯಾಗಿ ಹೇಳಿಲ್ಲ.

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ಡೈಕ್ವಿರಿ ವಾರಕ್ಕೊಂದು ರುಚಿ ಬರುತ್ತಿದೆ ಎಂದೆಯಲ್ಲ, ಅದು ರಮ್ಮಿನ ದೋಷವಲ್ಲ, ನಿಂಬೆ ಮತ್ತು ಐಸಿನದು. ನಿಂಬೆರಸವನ್ನು ಆ ಸಂಜೆಯೇ ಹಿಂಡಬೇಕು, ಹಿಂದಿನ ದಿನದ್ದಾದರೆ ತಾಜಾತನ ಹೋಗಿ ಒಗರು ಕಹಿ ಬರುತ್ತದೆ. ಸಕ್ಕರೆಯನ್ನು ಸಮಪ್ರಮಾಣದ ನೀರಿನಲ್ಲಿ ಕರಗಿಸಿ ಪಾಕವನ್ನು ಮೊದಲೇ ಫ್ರಿಜ್‌ನಲ್ಲಿಡಬಹುದು. ಬಿಳಿ ರಮ್ 45 ಮಿಲಿಲೀಟರ್, ನಿಂಬೆರಸ 22, ಪಾಕ 15. ಹುಳಿ ಜಾಸ್ತಿ ಎನಿಸಿದ ದಿನ ಪಾಕವನ್ನು ಒಂದು ಸಣ್ಣ ಚಮಚ ಹೆಚ್ಚಿಸು. ಶೇಕರ್ ತುಂಬ ಗಟ್ಟಿ ಐಸ್ ಹಾಕಿ ಹತ್ತು ಹನ್ನೆರಡು ಸೆಕೆಂಡು ಬಲವಾಗಿ ಕುಲುಕಬೇಕು. ಹುಳಿರಸವೋ ಮೊಟ್ಟೆಯ ಬಿಳಿಯೋ ಇರುವುದನ್ನು ಕುಲುಕುವುದು, ನೆಗ್ರೋನಿಯಂತೆ ಬರೀ ಮದ್ಯಗಳೇ ಸೇರುವುದನ್ನು ಉದ್ದ ಚಮಚದಲ್ಲಿ ಅರ್ಧ ನಿಮಿಷ ತಿರುವುವುದು. ಕುಲುಕಿದರೆ ಗಾಳಿ ಸೇರಿ ಅದರ ತಿಳಿಬಣ್ಣ ಮಂಕಾಗುತ್ತದೆ. ವರ್ಮೂತ್ ವೈನಿನ ಜಾತಿಯದು, ಮುಚ್ಚಳ ತೆಗೆದ ಮೇಲೆ ಅದರ ಜಾಗ ಕಪಾಟಲ್ಲ, ಫ್ರಿಜ್.

ಐಸ್ ಕರಗಿ ನೀರಾದರೆ ನಷ್ಟವೆಂದು ಅಳಿಯಂದಿರು ಬೇಗ ಕುಲುಕಿ ಮುಗಿಸುತ್ತಿರಬಹುದು. ಹಾಗೆ ಮಾಡಬಾರದೆಂದು ಹೇಳು. 1806ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಎಂಬ ಊರಿನ ಪತ್ರಿಕೆಯೊಂದು, ಕಾಕ್‌ಟೇಲ್ ಎಂದರೇನು ಎಂಬ ಓದುಗನ ಪ್ರಶ್ನೆಗೆ ಉತ್ತರಿಸುತ್ತ ಮದ್ಯ, ಸಕ್ಕರೆ, ನೀರು, ಬಿಟರ್ಸ್ ಎಂಬ ಕಹಿ ಮಸಾಲೆಸಾರ ಎಂದು ನಾಲ್ಕನ್ನು ಹೆಸರಿಸಿತ್ತು. ನೀರಿಗೆ ಅಂದೇ ಅಲ್ಲಿ ಜಾಗವಿತ್ತು. ಒಂದು ಗ್ರಾಂ ಐಸ್ ಕರಗಲು ಸುಮಾರು 334 ಜೂಲ್ ಶಾಖ ಬೇಕು, ಅದನ್ನು ಅದು ಶೇಕರಿನಲ್ಲಿರುವ ಪಾನೀಯದಿಂದಲೇ ಎಳೆದುಕೊಳ್ಳುತ್ತದೆ. ಮದ್ಯ ಬೆರೆತ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲವಾದ್ದರಿಂದ, ಸೊನ್ನೆ ಡಿಗ್ರಿಯ ಐಸನ್ನು ಹಾಕಿದರೂ ಪಾನೀಯ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಕೆಳಗಿಳಿಯುತ್ತದೆ. ಹನ್ನೊಂದು ವರ್ಷ ನೋಡಿದರೂ ನನಗೆ ಬೆರಗು ತೀರದ ಸಂಗತಿ ಅದು.

ನನಗೆ ಅರ್ಥವಾಗಲು ತಡವಾದದ್ದು ಆ ಬೆರಗಿನ ಇನ್ನೊಂದು ಬದಿ. ಏನೂ ಬೆರೆಸದ ವಿಸ್ಕಿ ಗಂಟಲಿಗಿಳಿಯುವಾಗ ಸುಡುತ್ತದೆ, ಸಾಕು ಎಂದು ಮೈ ತಾನೇ ಹೇಳುತ್ತದೆ. ತಣ್ಣಗಾದ ಮದ್ಯಕ್ಕೆ ಆ ಘಾಟಿಲ್ಲ. ಸಿಹಿ ಅದರ ಖಾರವನ್ನು ಮುಚ್ಚುತ್ತದೆ, ಹುಳಿ ಬಂದು ಸಿಹಿಯನ್ನು ಹದಕ್ಕೆ ತರುತ್ತದೆ. ಮಾಡುವವರ ಕೈ ಪಳಗಿದಷ್ಟೂ ಕುಡಿಯುವವರ ನಾಲಿಗೆಗೆ ಎಚ್ಚರಿಕೆ ಕಡಿಮೆ. ಹೊರಗಡೆಯಾದರೆ ಅಳೆದು ಕೊಡುವವರಿರುತ್ತಾರೆ, ಕೈಗೆ ಬಿಲ್ ಬರುತ್ತದೆ, ಬಾಗಿಲು ಹಾಕುವ ಹೊತ್ತೂ ಆಗುತ್ತದೆ. ಮನೆಯಲ್ಲಿ ಇವು ಯಾವುವೂ ಇಲ್ಲ. ಆದ್ದರಿಂದ ಮನೆಯಲ್ಲಿ ಆ ಎಚ್ಚರವನ್ನು ಶೇಕರ್ ಹಿಡಿದವರೇ ಹೊರಬೇಕು, ಮಗಳೇ. ಬಟ್ಟಲು ಕಳುಹಿಸುತ್ತಿರುವುದು ಅದಕ್ಕೇ.

ಐದಾರು ವರ್ಷ ಕಳೆದ ಮೇಲೆ ನಾನು ಬಟ್ಟಲನ್ನು ಬಿಟ್ಟು ಕಣ್ಣಳತೆಯಲ್ಲೇ ಸುರಿಯುತ್ತಿದ್ದೆ. ಅಷ್ಟು ಅಭ್ಯಾಸವಾದವನಿಗೆ ಅಳತೆ ಏಕೆ ಎಂಬ ಹೆಮ್ಮೆ. ಎಲ್ಲ ಮುಗಿದ ಎಷ್ಟೋ ದಿನಗಳ ಮೇಲೆ ಒಮ್ಮೆ ಅದೇ ಗ್ಲಾಸಿಗೆ ಅದೇ ಬಾಟಲಿಯಿಂದ ನೀರು ಸುರಿದು ಅಳೆದು ನೋಡಿದೆ. 45 ಎಂದು ನಾನು ನಂಬಿದ್ದು 70 ಇತ್ತು. ಶೇಕಡಾ 40ರ ಮದ್ಯ 45 ಮಿಲಿಲೀಟರಿನಲ್ಲಿ ಸುಮಾರು 14 ಗ್ರಾಂ ಆಲ್ಕೋಹಾಲ್ ಇರುತ್ತದೆ, 70ರಲ್ಲಿ 22. ನಮ್ಮಲ್ಲಿ ಮೂರು ಗ್ಲಾಸ್ ಕುಡಿದೆವೆಂದು ಎದ್ದುಹೋದವರು ನಿಜಕ್ಕೂ ನಾಲ್ಕೂವರೆಗಿಂತ ಹೆಚ್ಚು ಕುಡಿದಿದ್ದರು. ಅದೂ ನಾನು ನೀರು ಅಳೆದದ್ದು ಬೆಳಗಿನ ಹೊತ್ತು. ಸಂಜೆ ಎರಡನೆಯ ಸುತ್ತು ಸುರಿಯುವ ಕೈ ಆಗಲೇ ಮೊದಲನೆಯದನ್ನು ಕುಡಿದ ಕೈ.

ಇನ್ನು ನಿನ್ನ ಅಪ್ಪನ ವಿಷಯ. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೆ ಅಣ್ಣ, ಅವಳಿಗೂ ತಿಳಿದಿರಲಿ" ಎಂದ.

ಹೊಟ್ಟೆಗೆ ಒಗ್ಗದೆ ಬಿಟ್ಟ ಎಂದು ನಿನಗೆ ಹೇಳಿದ್ದೆವು. ಅದಲ್ಲ. ನಮ್ಮ ಸಂಜೆಗಳಿಗೆ ಅವನು ಎಲ್ಲರಿಗಿಂತ ಒಂದು ಗಂಟೆ ಮೊದಲೇ ಬರುತ್ತಿದ್ದ, ನಿಂಬೆ ಹಿಂಡಿಕೊಡುತ್ತೇನೆ ಎಂದು. ರುಚಿ ನೋಡು ಎಂದು ನಾನು ಒಂದು ಗ್ಲಾಸ್ ಕೊಡುತ್ತಿದ್ದೆ. ಆಮೇಲೆ ಎಲ್ಲರೊಂದಿಗೆ. ಎಲ್ಲರೂ ಹೊರಟ ಮೇಲೆ ಶೇಕರಿನಲ್ಲಿ ಉಳಿದದ್ದು. ನಾನು ಮಾಡಿದ್ದನ್ನು ತಮ್ಮ ಇಷ್ಟು ಇಷ್ಟಪಡುತ್ತಾನಲ್ಲ ಎಂದು ನನಗೆ ಹಿಗ್ಗು. ಒಂದು ದಿನ ನಿಂಬೆ ಹಿಂಡುವಾಗ ಅವನ ಕೈ ನಡುಗುತ್ತಿತ್ತು. ಗ್ಲಾಸ್ ಕೊಟ್ಟ ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ನಾನು ಅದನ್ನು ನೋಡಿದೆ. ನೋಡಿಯೂ ಮುಂದಿನ ವಾರ ಮತ್ತೆ ಸುರಿದೆ. ಈ ಮಾತನ್ನು ಬರೆಯಲು ನನಗೆ ಒಂಬತ್ತು ವರ್ಷ ಬೇಕಾಯಿತು.

ನೀನು ಆಗ ಹಾಸ್ಟೆಲಿನಲ್ಲಿದ್ದೆ. ನಿನ್ನ ಅಮ್ಮ ಒಂದು ಬೆಳಿಗ್ಗೆ ಒಬ್ಬಳೇ ಬಂದು ಬಾಗಿಲಲ್ಲೇ ನಿಂತು, "ಭಾವ, ನೀವು ಒಂದು ಸಂಜೆ ಕೊಡುವುದನ್ನು ಇವರು ಉಳಿದ ಆರು ದಿನ ಹುಡುಕುತ್ತಾರೆ" ಎಂದಳು. ಬೈಯಲಿಲ್ಲ, ಅಳಲಿಲ್ಲ. ಅವತ್ತೇ ವೈದ್ಯರ ಬಳಿ ಹೋದೆವು. ದಿನವೂ ಕುಡಿದು ಒಗ್ಗಿದ ಮೈ ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯವಾಗಬಹುದು ಎಂದು ಅವರು ಆಸ್ಪತ್ರೆಯಲ್ಲಿಟ್ಟುಕೊಂಡು ಬಿಡಿಸಿದರು. ಮುಂದಿನದೆಲ್ಲ ನಿನ್ನ ಅಪ್ಪನ ದುಡಿಮೆ, ನಿನ್ನ ಅಮ್ಮನ ದುಡಿಮೆ. ಅಣ್ಣತಮ್ಮಂದಿರಿಗೆ ಜಗಳವಾಗಿ ಸಂಜೆಗಳು ನಿಂತವು ಎಂದು ನೆಂಟರು ತಿಳಿದರು. ನಾವು ತಿದ್ದಲು ಹೋಗಲಿಲ್ಲ.

ಅಷ್ಟೆಲ್ಲ ಆದವನು ನಿನ್ನ ಸಂಜೆಯನ್ನು ನಿಲ್ಲಿಸು ಎನ್ನಬೇಕಿತ್ತಲ್ಲವೇ? ಅನ್ನುವುದಿಲ್ಲ. ಆದರೆ ಅದು ಆರೋಗ್ಯಕ್ಕೆ ಒಳ್ಳೆಯದೆಂಬ ಮಾತು ನಿಮ್ಮ ಮನೆಯಲ್ಲಿ ಬೇಡ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮದ್ಯವನ್ನು ಕ್ಯಾನ್ಸರ್ ತರುವುದು ಖಚಿತವೆಂಬ ಮೊದಲ ಗುಂಪಿಗೆ 1988ರಲ್ಲೇ ಸೇರಿಸಿದೆ. ಇಷ್ಟಾದರೆ ಏನೂ ಆಗದು ಎನ್ನುವಂಥ ಸುರಕ್ಷಿತ ಪ್ರಮಾಣವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಅದನ್ನು ತಿಳಿದೇ ಕುಡಿಯುವವರು ಕಡಿಮೆ ಕುಡಿಯಲಿ.

ಆರೋಗ್ಯವಂತ ದೇಹ ಗಂಟೆಗೆ ಏಳರಿಂದ ಹತ್ತು ಗ್ರಾಂ ಆಲ್ಕೋಹಾಲನ್ನು ಕರಗಿಸುತ್ತದೆ. ಕಾಫಿ ಕುಡಿದರೂ ತಣ್ಣೀರು ಸ್ನಾನ ಮಾಡಿದರೂ ಅದರ ವೇಗ ಹೆಚ್ಚುವುದಿಲ್ಲ. ಹಾಗಾಗಿ ಮೊದಲ ಗ್ಲಾಸ್ 45 ಮಿಲಿಲೀಟರಿನದಾದರೆ ಎರಡನೆಯದಕ್ಕೆ 30 ಹಾಕಿ ಸೋಡಾ ತುಂಬಿಸಿ ಉದ್ದ ಗ್ಲಾಸಿನಲ್ಲಿ ಕೊಡು. ಬರುವಾಗಲೇ ಏನಾದರೂ ತಿನ್ನಲು ಇಡು, ಹಸಿದ ಹೊಟ್ಟೆಯಲ್ಲಿ ಅದು ಬಹಳ ಬೇಗ ಏರುತ್ತದೆ. ಎರಡನೆಯದು ಕೊಟ್ಟ ಕೂಡಲೇ ಎಲ್ಲರ ಎದುರಿಗೇ ಶೇಕರನ್ನು ತೊಳೆದು ಬೋರಲು ಹಾಕಿಬಿಡು. ಯಾರಿಗೂ ಸಾಕು ಎಂದು ಹೇಳುವ ಮುಜುಗರ ನಿನಗಿರುವುದಿಲ್ಲ. ಮಾತು ಇನ್ನೂ ಎರಡು ಗಂಟೆ ನಡೆಯಲಿ, ಒಳ್ಳೆಯ ಮಾತು ಹುಟ್ಟುವುದೇ ಆಮೇಲೆ. ಗಾಡಿ ಓಡಿಸಬೇಕಾದವರು ಯಾರೆಂದು ಮೊದಲ ಗ್ಲಾಸಿಗೆ ಮುಂಚೆಯೇ ಗೊತ್ತಾಗಿರಬೇಕು, ಅವರು ಒಂದು ಗುಟುಕೂ ಮುಟ್ಟಬಾರದು. ಅತ್ತೆಯವರು ನಿದ್ರೆಗೆ ಮಾತ್ರೆ ತೆಗೆದುಕೊಳ್ಳುತ್ತಾರೆಂದು ನೀನೇ ಹಿಂದೆ ಹೇಳಿದ್ದೆ. ಅದರ ಜೊತೆಗೆ ಮದ್ಯ ಸಲ್ಲದು, ಇದರಲ್ಲಿ ದಾಕ್ಷಿಣ್ಯ ಬೇಡ. ಮಲಗುವ ಮುನ್ನ ಎಲ್ಲ ಗ್ಲಾಸುಗಳ ತಳವನ್ನು ಚೆಲ್ಲಿ ಬಾಟಲಿಗಳನ್ನು ಬೀಗದೊಳಗಿಡು. ನಿನ್ನ ಮಗು ಬೆಳಿಗ್ಗೆ ನಿಮಗಿಂತ ಮೊದಲು ಏಳುತ್ತದೆ, ಸಿಹಿಯಾದ ಬಣ್ಣದ ನೀರನ್ನು ಕಂಡರೆ ಬಿಡುವುದಿಲ್ಲ. ಎಳೆಯ ಮೈಯಲ್ಲಿ ಸ್ವಲ್ಪ ಮದ್ಯವೂ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು.

ನಿನ್ನ ದೊಡ್ಡಮ್ಮನ ಸಂಗತಿಯೊಂದಿದೆ. ನಮ್ಮ ಸಂಜೆಗಳಲ್ಲಿ ಅವಳ ಕೈಯಲ್ಲೂ ಗ್ಲಾಸ್ ಇರುತ್ತಿತ್ತು, ಖಾಲಿಯೂ ಆಗುತ್ತಿತ್ತು. ಆರು ವರ್ಷದ ಮೇಲೆ ಒಂದು ದಿನ ನಾನು ಅಡುಗೆಮನೆಗೆ ಹೋದಾಗ ಅವಳು ಅದನ್ನು ಸಿಂಕಿಗೆ ಸುರಿಯುತ್ತಿದ್ದಳು. ಮೊದಲ ದಿನದಿಂದಲೂ ಹಾಗೆಯೇ ಅಂತೆ. ಬೇಡ ಎಂದರೆ ನನಗೆ ಸಿಗುತ್ತಿದ್ದದ್ದು ಬರೀ ನೀರು, ಬರೀ ನೀರು ಹಿಡಿದು ಕೂತರೆ ಎಲ್ಲರೂ ಏಕೆ ಏಕೆ ಎಂದು ಕೇಳುತ್ತಿದ್ದರು ಎಂದಳು. ಅಷ್ಟು ಜನರಿಗೆ ಅಷ್ಟು ಶ್ರದ್ಧೆಯಿಂದ ಮಾಡಿಕೊಟ್ಟವನು ನನ್ನ ಮನೆಯವಳಿಗೆ ಅವಳು ಇಷ್ಟಪಟ್ಟು ಕುಡಿಯುವ ಒಂದು ಗ್ಲಾಸ್ ಮಾಡಿಕೊಟ್ಟಿರಲಿಲ್ಲ. ಆಮೇಲೆ ಇಬ್ಬರೂ ಸೇರಿ ಹುಡುಕಿದೆವು. ಮದ್ಯವಿಲ್ಲದ ಪಾನೀಯ ಶರಬತ್ತಿನಂತೆ ಬರೀ ಸಿಹಿಯಾಗುವುದು ಏಕೆಂದರೆ ಮದ್ಯ ಕೊಡುವ ಒಗರೂ ಸುಡುವ ಖಾರವೂ ಅದರಲ್ಲಿಲ್ಲ. ಒಗರಿಗೆ ಗಟ್ಟಿ ಚಹಾ ಡಿಕಾಕ್ಷನ್ ಆರಿಸಿ ಹಾಕಿದೆವು, ಖಾರಕ್ಕೆ ಹಸಿಶುಂಠಿ ರಸ. ನಿಂಬೆ, ಜೇನು, ಚಿಟಿಕೆ ಉಪ್ಪು ಸೇರಿಸಿ ಕುಲುಕಿ ಸೋಡಾ ಸುರಿದರೆ ಯಾರೂ ಏಕೆ ಎಂದು ಕೇಳುವುದಿಲ್ಲ. ಅಳತೆಯನ್ನು ಅವಳೇ ಒಂದು ಚೀಟಿಯಲ್ಲಿ ಬರೆದು ಬಟ್ಟಲಿನೊಳಗೆ ಮಡಚಿಟ್ಟಿದ್ದಾಳೆ. ತಿಂಗಳಿಗೊಂದು ಶುಕ್ರವಾರ ಎಲ್ಲರಿಗೂ ಅದನ್ನೇ ಮಾಡು. ಆ ವಾರ ಯಾರಿಗಾದರೂ ಬೇರೆ ಕೆಲಸ ಬಂದರೆ ಗಮನದಲ್ಲಿಡು. ನಿನಗೇ ಬೇಸರವಾದರೆ ಅದನ್ನೂ.

ಮುಂದಿನ ತಿಂಗಳು ನಿನ್ನ ಅಪ್ಪ ಅಮ್ಮ ಬರುತ್ತಿದ್ದಾರೆ, ಅವರಿರುವ ಎರಡು ಶುಕ್ರವಾರ ಸಂಜೆಯನ್ನು ಬಿಡಬೇಕೇ ಎಂದು ಕೇಳಿದ್ದೆ. ಏನೂ ತಿಳಿಯದೆಯೇ ಕೇಳಿದ್ದೀಯೆ, ಅದು ನಿನ್ನ ಒಳ್ಳೆಯತನ. ನಾನು ಅವನನ್ನೇ ಕೇಳಿದೆ. ತನಗಾಗಿ ನಿಲ್ಲಿಸಿದರೆ ತಾನು ರೋಗಿಯಂತೆ ಕೂರಬೇಕಾಗುತ್ತದೆ, ಅದು ಬೇಡ, ಆದರೆ ಮೊದಲ ಶುಕ್ರವಾರ ದೊಡ್ಡಮ್ಮನ ಪಾನೀಯದ ವಾರವಾಗಲಿ, ಎರಡನೆಯದನ್ನು ಆಮೇಲೆ ನೋಡೋಣ ಎಂದ. ಹಾಗೇ ಮಾಡು. ಅವನ ಗ್ಲಾಸಿಗೆ ಬಿಟರ್ಸ್ ಒಂದು ಹನಿಯೂ ಬೇಡ. ಮಸಾಲೆಯ ನೀರಿನಂತೆ ಕಂಡರೂ ಸಾಮಾನ್ಯವಾಗಿ ಸಿಗುವ ಬಿಟರ್ಸ್‌ನಲ್ಲಿ ಶೇಕಡಾ 45ರಷ್ಟು ಆಲ್ಕೋಹಾಲ್ ಇರುತ್ತದೆ. ಜಿನ್ನಿನ ವಾಸನೆಯನ್ನು ಅನುಕರಿಸುವ ಮದ್ಯರಹಿತ ಬಾಟಲಿಗಳೂ ಬೇಡ, ವಾಸನೆಯೇ ಹಳೆಯದನ್ನು ಎಬ್ಬಿಸಬಹುದು. ಶೇಕರ್ ಬೇರೆಯದಿರಲಿ. ಸ್ವಲ್ಪ ತೆಗೆದುಕೊಳ್ಳಿ ಎಂದು ಮೈದುನ ಪ್ರೀತಿಯಿಂದಲೂ ಹೇಳದಂತೆ ಮುಂಚೆಯೇ ನೋಡಿಕೋ, ಕಾರಣ ಹೇಳಬೇಕಾಗಿಲ್ಲ. ನಿನ್ನ ಅಪ್ಪ ನಡುವೆ ಎದ್ದು ಹೊರಗೆ ಹೋದರೆ ಹಿಂದೆ ಹೋಗಬೇಡ, ನಿನ್ನ ಅಮ್ಮ ಹೋಗುತ್ತಾಳೆ. ಫೋನ್ ಇಡುವ ಮುನ್ನ ಇನ್ನೊಂದು ಮಾತು ಹೇಳಿದ. ಏನು ಸಹಾಯ ಬೇಕಾದರೂ ಮಾಡುತ್ತೇನೆ, ನಿಂಬೆ ಹಿಂಡುವ ಕೆಲಸ ಮಾತ್ರ ನನಗೆ ಕೊಡಬಾರದೆಂದು ಮಗಳಿಗೆ ಬರೆ ಎಂದ.

ಬಟ್ಟಲಿನ 15ರ ಬದಿಯಲ್ಲಿ ಒಂದು ತಗ್ಗು ಬಿದ್ದಿದೆ, ಹಿಂದೆ ಯಾವಾಗಲೋ ಕೈಜಾರಿ ಬಿದ್ದದ್ದು. ಬಳಸುವ ಮೊದಲು ಅಡುಗೆಮನೆಯ ತಕ್ಕಡಿಯಲ್ಲಿ ನೀರಿಟ್ಟು ಪರೀಕ್ಷಿಸು. 30 ಮಿಲಿಲೀಟರ್ ನೀರು 30 ಗ್ರಾಂ ತೂಗಬೇಕು, ಆ ಬದಿಯದು 15. ಒಂದೆರಡು ಗ್ರಾಂ ಹೆಚ್ಚುಕಡಿಮೆ ಕಂಡರೂ ಬರೆ, ಬೇರೆಯದನ್ನು ಕೊಂಡು ಕಳುಹಿಸುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ